ಒಂದೇ ಮನೆ, ಒಂದೇ ಪಂಪು, ಇಬ್ಬರ ಉಬ್ಬಸ: ಒಬ್ಬರಿಗೆ ಹಿಡಿತಕ್ಕೆ ಬಂದದ್ದು ಇನ್ನೊಬ್ಬರಿಗೆ ಏಕೆ ಬರುವುದಿಲ್ಲ?

ಬೆಟಗೇರಿ ಮಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ-ಬೆಟಗೇರಿಯ ನೇಕಾರರ ಮನೆ. ನನ್ನ ಮಗಳಿಗೆ ಐದನೆಯ ವಯಸ್ಸಿನಿಂದ ಉಬ್ಬಸವಿದೆ. ಈಗ ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ನಮ್ಮ ಯಜಮಾನರಿಗೆ ನಲವತ್ತನಾಲ್ಕು ತುಂಬುವವರೆಗೆ ದಮ್ಮು ಎಂದರೆ ಏನೆಂದೇ ಗೊತ್ತಿರಲಿಲ್ಲ. ಆರು ವರ್ಷದ ಹಿಂದೆ ಹತ್ತಿದ್ದು ಇನ್ನೂ ಬಿಟ್ಟಿಲ್ಲ. ಇಬ್ಬರ ಚೀಟಿಯ ಮೇಲೂ ಅಸ್ತಮಾ ಎಂದೇ ಬರೆದಿದೆ, ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಪಂಪು, ಅಂದರೆ ಬಾಯಿಂದ ಔಷಧ ಎಳೆದುಕೊಳ್ಳುವ ಇನ್‌ಹೇಲರ್. ಮಗಳು ಮುಂಜಾನೆ ಸಂಜೆ ತಪ್ಪದೆ ಎಳೆದುಕೊಂಡರೆ ಶಾಲೆಯಲ್ಲಿ ಕಬಡ್ಡಿ ಆಡುವಷ್ಟು ಚೆನ್ನಾಗಿರುತ್ತಾಳೆ. ಯಜಮಾನರು ಅಷ್ಟೇ ಶ್ರದ್ಧೆಯಿಂದ ತೆಗೆದುಕೊಂಡರೂ ವರ್ಷಕ್ಕೆ ಮೂರು ನಾಲ್ಕು ಸಲ ರಾತ್ರಿಯೆಲ್ಲ ಎದ್ದು ಕೂರುತ್ತಾರೆ, ಸ್ಟಿರಾಯ್ಡ್ ಗುಳಿಗೆ ನುಂಗಿದ ಮೇಲೆಯೇ ಉಸಿರು ಸಡಿಲವಾಗುತ್ತದೆ. ಅವರ ಮೂಗಿನಲ್ಲಿ ದುರ್ಮಾಂಸ ಬೆಳೆದು ಎರಡು ಸಲ ತೆಗೆಸಿದ್ದೇವೆ.

ಸಾವಿರಾರು ಜೀನುಗಳನ್ನು ಒಮ್ಮೆಗೇ ಅಳೆದು ಅಸ್ತಮಾವನ್ನು ಅರ್ಥ ಮಾಡಿಕೊಳ್ಳುವ ಕೆಲಸ ನಡೆದಿದೆ ಎಂದು ಓದಿದೆ. ಆ ತಿಳಿವಳಿಕೆಯಿಂದ ನಮ್ಮ ಮನೆಯ ಈ ವ್ಯತ್ಯಾಸಕ್ಕೆ ಉತ್ತರ ಸಿಗುತ್ತದೆಯೇ? ನಮ್ಮ ಅತ್ತೆಯವರು "ಇದು ರಕ್ತದಾಗ ಬಂದದ್ದು" ಎನ್ನುತ್ತಾರೆ. ತಂದೆಗಿಂತ ಮೊದಲೇ ಮಗಳಿಗೆ ಬಂದಿದ್ದರೆ ಅದು ರಕ್ತದಲ್ಲಿ ಬಂದದ್ದು ಹೇಗಾಗುತ್ತದೆ ಎಂಬುದು ನನ್ನ ಎರಡನೆಯ ಪ್ರಶ್ನೆ.

ಸಪ್ತಾಪುರ

ಅಕ್ಕಾವರೇ, ನಾನು ಧಾರವಾಡದಲ್ಲಿದ್ದುಕೊಂಡು ಇಂಥ ದತ್ತಾಂಶಗಳ ಮೇಲೆಯೇ ಕೆಲಸ ಮಾಡುವವಳು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗವಿದೆ: ಬಾಲ್ಯದಲ್ಲಿ ಹತ್ತುವ ಅಸ್ತಮಾ ಮತ್ತು ನಲವತ್ತರ ನಂತರ ಹತ್ತುವ ಅಸ್ತಮಾ ಹೆಸರಿನಲ್ಲಿ ಒಂದೇ ಆದರೂ ಅವುಗಳ ಬೇರುಗಳು ಪೂರ್ತಿ ಒಂದೇ ಅಲ್ಲ.

ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನು ತಯಾರಿಸುವ ಸೂಚನೆ ಇರುವ ಜೀನುಗಳು ಸುಮಾರು 20 ಸಾವಿರ. ರೋಗವಿರುವ ಸಾವಿರಾರು ಜನರನ್ನೂ ಇಲ್ಲದ ಸಾವಿರಾರು ಜನರನ್ನೂ ತೆಗೆದುಕೊಂಡು, ಲಕ್ಷಗಟ್ಟಲೆ ಜಾಗಗಳಲ್ಲಿ ಅವರ ಅಕ್ಷರಗಳನ್ನು ಹೋಲಿಸಿ, ಯಾವ ಜಾಗದ ಬದಲಾವಣೆ ರೋಗಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ ಎಂದು ಹುಡುಕುವುದು ಒಂದು ವಿಧಾನ. 2007ರಲ್ಲಿ ಹೀಗೆ ಹುಡುಕುವಾಗ 17ನೆಯ ವರ್ಣತಂತುವಿನ ಒಂದು ಭಾಗ ಎದ್ದು ಕಂಡಿತು. ಒಆರ್‌ಎಂಡಿಎಲ್3 ಮತ್ತು ಜಿಎಸ್‌ಡಿಎಂಬಿ ಎಂಬ ಜೀನುಗಳು ಅಲ್ಲಿವೆ. ಆ ಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿಯೂ ಅದೇ ಭಾಗ ಮತ್ತೆ ಮತ್ತೆ ಕಂಡಿತು, ಅದೂ ಮುಖ್ಯವಾಗಿ ಬಾಲ್ಯದಲ್ಲಿ ಆರಂಭವಾಗುವ ಅಸ್ತಮಾದಲ್ಲಿ. ಎಳೆಯ ವಯಸ್ಸಿನಲ್ಲಿ ರೈನೊವೈರಸ್ಸಿನ ನೆಗಡಿಯಾದಾಗ ಎದೆ ಸುಯ್ಯೆನ್ನುವ ಮಕ್ಕಳಲ್ಲಿ ಈ ಭಾಗದ ಬದಲಾವಣೆಯ ಪ್ರಭಾವ ಹೆಚ್ಚು ಎಂಬುದು 2013ರಲ್ಲಿ ಪ್ರಕಟವಾಯಿತು. ನಿಮ್ಮ ಮಗಳಿಗೆ ಚಿಕ್ಕಂದಿನಲ್ಲಿ ಪ್ರತಿ ನೆಗಡಿಯೂ ಎದೆಗಿಳಿಯುತ್ತಿತ್ತೇ ಎಂದು ನೆನಪಿಸಿಕೊಂಡು ನೋಡಿ.

ಲಕ್ಷಾಂತರ ಸ್ವಯಂಸೇವಕರ ಆರೋಗ್ಯದ ಮತ್ತು ಡಿಎನ್‌ಎಯ ಮಾಹಿತಿ ಕೂಡಿಟ್ಟ ಬ್ರಿಟನ್ನಿನ ಯುಕೆ ಬಯೋಬ್ಯಾಂಕಿನ ದತ್ತಾಂಶದಿಂದ 2019ರಲ್ಲಿ ಬಂದ ಫಲಿತಾಂಶವಂತೂ ನಿಮ್ಮ ಮನೆಯನ್ನೇ ನೋಡಿ ಬರೆದಂತಿದೆ. ಅಲ್ಲಿ ಅಸ್ತಮಾಕ್ಕೆ ಸಂಬಂಧಿಸಿದ 61 ಜಾಗಗಳು ಸಿಕ್ಕವು. ಅವುಗಳಲ್ಲಿ 37 ಎರಡೂ ಬಗೆಗೆ ಸೇರಿದವು, 23 ಬಾಲ್ಯದಲ್ಲಿ ಹತ್ತುವ ಬಗೆಗೆ ಮಾತ್ರ ಸೇರಿದವು, ವಯಸ್ಕರ ಬಗೆಗೆ ಮಾತ್ರ ಸೇರಿದ್ದು ಒಂದೇ ಒಂದು. ಎಂದರೆ ಮಕ್ಕಳ ಅಸ್ತಮಾದಲ್ಲಿ ಹುಟ್ಟಿನಿಂದ ಬಂದ ಪಾಲು ಹೆಚ್ಚು, ದೊಡ್ಡವರಾದ ಮೇಲೆ ಬರುವ ಅಸ್ತಮಾದಲ್ಲಿ ಬದುಕಿನುದ್ದಕ್ಕೂ ಶ್ವಾಸನಾಳ ಕಂಡುಂಡ ಸಂಗತಿಗಳ ಪಾಲು ಹೆಚ್ಚು. ನಿಮ್ಮ ಅತ್ತೆಯವರ ಮಾತು ಪೂರ್ತಿ ತಪ್ಪಲ್ಲ. ಮೊಮ್ಮಗಳ ವಿಷಯದಲ್ಲಿ ಅದು ಹೆಚ್ಚು ಸರಿ, ಮಗನ ವಿಷಯದಲ್ಲಿ ಕಡಿಮೆ ಸರಿ. ಇಂಥ ಒಂದೊಂದು ಬದಲಾವಣೆಯೂ ಅಪಾಯವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುವಂಥದ್ದು. ಅವು ಯಾವ ಪಾಲಕರ ಕಡೆಯಿಂದಲಾದರೂ ಬರಬಹುದು, ರೋಗವಿಲ್ಲದವರ ಮೂಲಕವೂ ಬರಬಹುದು. ಆದ್ದರಿಂದ ಮಗಳಿಗೆ ಮೊದಲು ಬಂದದ್ದರಲ್ಲಿ ವಿರೋಧಾಭಾಸವಿಲ್ಲ.

ಆದರೆ ಪಂಪು ಒಬ್ಬರಿಗೆ ಸಾಲುವುದು, ಇನ್ನೊಬ್ಬರಿಗೆ ಸಾಲದಿರುವುದು ಡಿಎನ್‌ಎಯ ಅಕ್ಷರಗಳಿಗಿಂತ ಹೆಚ್ಚಾಗಿ ಈ ಹೊತ್ತು ಶ್ವಾಸನಾಳದಲ್ಲಿ ಯಾವ ಜೀನುಗಳು ಕೆಲಸ ಮಾಡುತ್ತಿವೆ ಎಂಬುದರಿಂದ ತಿಳಿಯುತ್ತದೆ. ಜೀನು ಕೆಲಸ ಮಾಡುವಾಗ ಅದರಿಂದ ತಯಾರಾಗುವ ನಕಲೇ ಆರ್‌ಎನ್‌ಎ, ಅದನ್ನು ಅಳೆದು ನೋಡುತ್ತೇವೆ. 2009ರಲ್ಲಿ 42 ಅಸ್ತಮಾ ರೋಗಿಗಳ ಶ್ವಾಸನಾಳದ ಒಳಪದರದಿಂದ ಜೀವಕೋಶ ತೆಗೆದು ನೋಡಿದಾಗ, ಅವರು ಎರಡು ಗುಂಪುಗಳಾಗಿ ಬೇರ್ಪಟ್ಟರು. ಸುಮಾರು ಅರ್ಧದಷ್ಟು ಜನರಲ್ಲಿ ಇಂಟರ್‌ಲ್ಯೂಕಿನ್-13 ಎಂಬ ಸಂದೇಶವಾಹಕ ಪ್ರೋಟೀನಿನ ಹೆಜ್ಜೆಗುರುತು ಸ್ಪಷ್ಟವಾಗಿತ್ತು, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚಾಗಿದ್ದವು, ಎಳೆದುಕೊಳ್ಳುವ ಸ್ಟಿರಾಯ್ಡಿನಿಂದ ಉಸಿರಾಟ ಸುಧಾರಿಸಿತು. ಉಳಿದ ಅರ್ಧ ಜನ ಆರೋಗ್ಯವಂತರಂತೆಯೇ ಕಂಡರು, ಸ್ಟಿರಾಯ್ಡಿನಿಂದ ಅವರಿಗೆ ಹೇಳಿಕೊಳ್ಳುವಂಥ ಪ್ರಯೋಜನ ಆಗಲಿಲ್ಲ. ಹೊರಗಿನಿಂದ ಕೇಳಿದರೆ ಇಬ್ಬರ ಎದೆಯ ಸುಯ್ಯೂ ಒಂದೇ. ಮೊದಲ ಸಲ ಆ ಚಿತ್ರವನ್ನು ನೋಡಿದಾಗ ನನಗೆ ಆದ ಬೆರಗು ಇನ್ನೂ ಆರಿಲ್ಲ.

ಕೆಲಗೇರಿ ಕೆರೆ

ಸಪ್ತಾಪುರದ ತಂಗಿ ಬರೆದದ್ದು ಸರಿಯಾಗಿದೆ. ಸಂಖ್ಯಾಶಾಸ್ತ್ರ ಕಲಿಸುವವನಾಗಿ ನಾನು ಒಂದು ಎಚ್ಚರಿಕೆ ಸೇರಿಸಬೇಕು, ಏಕೆಂದರೆ ಇಂಥ ಅಧ್ಯಯನಗಳ ಸುದ್ದಿ ಓದುವಾಗ ಓದುಗರು ಮೋಸ ಹೋಗುವುದು ಇಲ್ಲಿಯೇ.

20 ಸಾವಿರ ಜೀನುಗಳನ್ನು ಒಂದೊಂದಾಗಿ ಪರೀಕ್ಷಿಸಿ, ನೂರಕ್ಕೆ ಐದರಷ್ಟು ತಪ್ಪನ್ನು ಒಪ್ಪಿಕೊಳ್ಳುತ್ತೇವೆ ಎಂದು ಹೊರಟರೆ, ರೋಗಕ್ಕೂ ಜೀನುಗಳಿಗೂ ಏನೊಂದು ಸಂಬಂಧ ಇಲ್ಲದಿದ್ದರೂ ಸುಮಾರು 1,000 ಜೀನುಗಳು ಸಂಬಂಧವಿದ್ದಂತೆ ತೋರುತ್ತವೆ. ಆದ್ದರಿಂದಲೇ ಡಿಎನ್‌ಎ ಹೋಲಿಕೆಯಲ್ಲಿ ಎರಡು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಆಕಸ್ಮಿಕ ಸಾಧ್ಯತೆ ಇದ್ದರೆ ಮಾತ್ರ ಒಪ್ಪುವ ಕಟ್ಟುನಿಟ್ಟಿನ ಪದ್ಧತಿ ಬಂದದ್ದು. ಇನ್ನೊಂದು ಮಾದರಿಗಳನ್ನು ಸಂಸ್ಕರಿಸಿದ ದಿನದ ಪ್ರಭಾವ. ರೋಗಿಗಳ ರಕ್ತವನ್ನೆಲ್ಲ ಜನವರಿಯಲ್ಲಿಯೂ ಆರೋಗ್ಯವಂತರ ರಕ್ತವನ್ನೆಲ್ಲ ಮೇ ತಿಂಗಳಲ್ಲಿಯೂ ಅಳೆದರೆ, ಯಂತ್ರದ, ರಾಸಾಯನಿಕದ, ಹವೆಯ ವ್ಯತ್ಯಾಸವೇ ರೋಗದ ವ್ಯತ್ಯಾಸದ ವೇಷ ತೊಟ್ಟು ನಿಲ್ಲುತ್ತದೆ. ಆ ಮೇಲೆ ಎಷ್ಟೇ ಜಾಣ ಗಣಿತ ಮಾಡಿದರೂ ಎರಡನ್ನೂ ಬಿಡಿಸಲು ಬರುವುದಿಲ್ಲ. ಎರಡೂ ಗುಂಪಿನ ಮಾದರಿಗಳ ಸರದಿಯನ್ನು ಮೊದಲೇ ಕಲೆಸಿ ಅಳೆಯಬೇಕಾಗಿತ್ತು.

ಎರಡು ಗುಂಪು ಮಾಡಿದ ಆ ಅಧ್ಯಯನದಿಂದಲೇ ಪೆರಿಯೊಸ್ಟಿನ್ ಎಂಬ ಪ್ರೋಟೀನು ಗುರುತಾಗಿ ಬಳಕೆಗೆ ಬಂತು. ಅದು ರಕ್ತದಲ್ಲಿ ಹೆಚ್ಚಿದ್ದವರಿಗೆ, ಅದೇ ಇಂಟರ್‌ಲ್ಯೂಕಿನ್-13ನ್ನು ತಡೆಯುವ ಲೆಬ್ರಿಕಿಜುಮ್ಯಾಬ್ ಎಂಬ ಔಷಧ ಹೆಚ್ಚು ಫಲ ಕೊಟ್ಟಿತೆಂದು 2011ರಲ್ಲಿ ಬರೆದರು. ಆದರೆ 2016ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಒಂದಕ್ಕೊಂದು ತಾಳೆಯಾಗುವ ಫಲಿತಾಂಶ ಬರಲಿಲ್ಲ. ಚೆಂದದ ವಿವರಣೆ ಇದ್ದ ಮಾತ್ರಕ್ಕೆ ಅದು ರೋಗಿಯ ಹಾಸಿಗೆಯವರೆಗೆ ತಲುಪುತ್ತದೆ ಎಂದು ನಂಬಬಾರದು.

ಸಪ್ತಾಪುರ

ಸರ್, ಒಪ್ಪುತ್ತೇನೆ. ಆದರೆ ಅದೇ ಕಾಲದ ಇನ್ನೊಂದು ಕಥೆಯನ್ನೂ ಅಕ್ಕಾವರು ತಿಳಿದಿರಬೇಕು. ಇಯೊಸಿನೊಫಿಲ್ ಕಣಗಳನ್ನು ಬೆಳೆಸುವ ಇಂಟರ್‌ಲ್ಯೂಕಿನ್-5ನ್ನು ತಡೆಯುವ ಮೆಪೊಲಿಜುಮ್ಯಾಬ್ ಎಂಬ ಔಷಧವನ್ನು 362 ಅಸ್ತಮಾ ರೋಗಿಗಳ ಮೇಲೆ ಪ್ರಯೋಗಿಸಿದ ವರದಿ 2007ರಲ್ಲಿ ಬಂತು. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 2009ರಲ್ಲಿ ಎರಡು ಸಣ್ಣ ಪ್ರಯೋಗಗಳು, ಒಂದರಲ್ಲಿ 61 ಜನ, ಇನ್ನೊಂದರಲ್ಲಿ 20 ಜನ, ಕಫದಲ್ಲಿ ಇಯೊಸಿನೊಫಿಲ್ ಹೆಚ್ಚಿದ್ದವರನ್ನು ಮಾತ್ರ ಆರಿಸಿಕೊಂಡವು. ಅದೇ ಔಷಧದಿಂದ ಅವರ ಉಬ್ಬಸದ ಹೊಡೆತಗಳು ಇಳಿದವು. 2015ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಔಷಧ ಬದಲಾಗಲಿಲ್ಲ, ಯಾರಿಗೆ ಕೊಡಬೇಕು ಎಂಬ ತಿಳಿವಳಿಕೆ ಬದಲಾಯಿತು. ಅಸ್ತಮಾವನ್ನು ಅಣುಗಳ ಮಟ್ಟದಲ್ಲಿ ವಿಂಗಡಿಸಬೇಕೆಂಬ ನಮ್ಮ ಹಟಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ಗೊತ್ತಿಲ್ಲ.

ಬ್ಯಾಡಗಿ ದಲಾಲಿ ಅಂಗಡಿ

ನಾನು ಹೆಚ್ಚು ಓದಿದವನಲ್ಲ, ಆದರೆ ನನ್ನದೂ ಒಂದು ಪ್ರಶ್ನೆ. ಸುಗ್ಗಿಯಲ್ಲಿ ನಮ್ಮ ಮಾರುಕಟ್ಟೆಗೆ ಬರುವ ಮೆಣಸಿನಕಾಯಿ ಚೀಲಗಳ ನಡುವೆ ಇಡೀ ದಿನ ನಿಲ್ಲುವ ಹಮಾಲರಲ್ಲಿ ಕೆಮ್ಮದವರೇ ಇಲ್ಲ. ಕೆಲವರು ಮನೆಗೆ ಹೋದ ಮೇಲೆ ಸರಿಯಾಗುತ್ತಾರೆ, ಕೆಲವರು ರಾತ್ರಿಯೂ ಸುಯ್ಯೆನ್ನುತ್ತಾರೆ. ಇದೂ ಅಸ್ತಮಾವೇ? ಇವರ ಜೀನು ನೋಡಿ ಹೇಳಬಹುದೇ?

ವಿದ್ಯಾನಗರ ವೈದ್ಯ

ಹುಬ್ಬಳ್ಳಿಯಲ್ಲಿ ಶ್ವಾಸಕೋಶದ ರೋಗಿಗಳನ್ನು ನೋಡುವವನು ನಾನು. ಸಾವಕಾರರೇ, ನಿಮ್ಮ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ನರಗಳ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕ ಪ್ರೋಟೀನನ್ನು ಕೆಣಕಿ ಕೆಮ್ಮು ಎಬ್ಬಿಸುತ್ತದೆ. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಈ ಕೆಮ್ಮು ಯಾರಿಗಾದರೂ ಬರುತ್ತದೆ, ಅದು ರೋಗವಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಜವಾದರೂ ಹೊರಗಿನಿಂದ ಬರುವ ಖಾರದ ಕಾಯಿಯನ್ನೂ, ಅದರೊಂದಿಗೆ ಬರುವ ಧೂಳು ಬೂಷ್ಟುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾತ್ರಿ ಸುಯ್ಯೆನ್ನುವವರನ್ನು ಮಾತ್ರ ಬೇರೆಯಾಗಿ ನೋಡಬೇಕು. ಅವರಿಗೆ ಜೀನು ಪರೀಕ್ಷೆ ಬೇಡ. ಊದಿಸಿ ಅಳೆಯುವ ಸ್ಪೈರೊಮೆಟ್ರಿ ಬೇಕು, ಪಂಪು ಕೊಟ್ಟ ಹದಿನೈದು ನಿಮಿಷದ ಮೇಲೆ ಮತ್ತೊಮ್ಮೆ ಊದಿಸಬೇಕು, ರಜೆಯಲ್ಲಿ ಸುಧಾರಿಸಿ ಕೆಲಸಕ್ಕೆ ಮರಳಿದಾಗ ಕೆಡುತ್ತದೆಯೇ ಎಂದು ಬರೆದಿಟ್ಟು ನೋಡಬೇಕು.

ಇನ್ನು ಬೆಟಗೇರಿ ತಾಯಿಯವರಿಗೆ. ಸಂಶೋಧಕರು ಬರೆದ ವಿಂಗಡಣೆ ನಮ್ಮ ಚಿಕಿತ್ಸಾಲಯಕ್ಕೆ ಬರುವುದು ಆರ್‌ಎನ್‌ಎ ಯಂತ್ರದ ಮೂಲಕವಲ್ಲ. ಅದೇ ಗುಂಪನ್ನು ಸುಮಾರಾಗಿ ಸೂಚಿಸುವ ಅಗ್ಗದ ಗುರುತುಗಳಿವೆ, ಅವುಗಳಲ್ಲಿ ಮುಖ್ಯವಾದದ್ದು ಸಾಮಾನ್ಯ ರಕ್ತಪರೀಕ್ಷೆಯ ಇಯೊಸಿನೊಫಿಲ್ ಎಣಿಕೆ. ಪಂಪಿಗೆ ಬಗ್ಗದ ತೀವ್ರ ಅಸ್ತಮಾದಲ್ಲಿ ಒಂದು ಮೈಕ್ರೋಲೀಟರಿಗೆ 150 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇಯೊಸಿನೊಫಿಲ್ ಬಗೆಯ ಉರಿಯೂತವನ್ನು ಶಂಕಿಸುತ್ತೇವೆ. ನಮ್ಮ ಕಡೆಯಲ್ಲಿ ಒಂದು ತೊಡಕಿದೆ: ಹೊಟ್ಟೆಯ ಹುಳುವಿನಿಂದಲೂ ಈ ಎಣಿಕೆ ಏರುತ್ತದೆ. ಹೊಲದಲ್ಲಿ ಬರಿಗಾಲಿನಲ್ಲಿ ದುಡಿಯುವವರಲ್ಲಿ ಆ ಸಾಧ್ಯತೆಯನ್ನು ಕಳೆದ ಮೇಲೆಯೇ ಅಸ್ತಮಾದ ಲೆಕ್ಕಕ್ಕೆ ಹಿಡಿಯುವುದು ಸರಿ. ನಿಮ್ಮ ಮನೆಯಲ್ಲಿರುವ ಹಳೆಯ ರಕ್ತದ ವರದಿಗಳನ್ನೆಲ್ಲ ದಯವಿಟ್ಟು ಹುಡುಕಿ ತೆಗೆಯಿರಿ.

ಹಾವೇರಿ ಮಾಸ್ತರ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೂ ನನ್ನ ಮನಸ್ಸಿನಲ್ಲಿರುವುದನ್ನು ಹೇಳದೆ ಇರಲಾರೆ. ರಸ್ತೆಯ ಧೂಳು, ರಾಶಿಯ ಹೊಟ್ಟು, ಒಲೆಯ ಹೊಗೆ, ಬೇಲಿಯುದ್ದಕ್ಕೂ ಬೆಳೆದ ಕಾಂಗ್ರೆಸ್ ಕಸ, ಇವುಗಳ ನಡುವೆ ನನ್ನ ಶಾಲೆಯ ಮಕ್ಕಳು ಉಸಿರಾಡುತ್ತಾರೆ. ಮೃಗಶಿರಾ ಮಳೆ ಕೂಡುವ ದಿನ ಔಷಧಿ ನುಂಗಿಸಲು ತಂದೆತಾಯಿಗಳು ಅವರನ್ನು ಊರೂರಿಗೆ ಕರೆದೊಯ್ಯುತ್ತಾರೆ, ಉಳಿದ 364 ದಿನ ಪಂಪು ಕೊಡಿಸಲು ನಾಚುತ್ತಾರೆ. ಇಂಥಲ್ಲಿ ಕೋಟ್ಯಂತರ ರೂಪಾಯಿ ಸುರಿದು ಜೀನು ಓದುವುದು ಯಾವ ನ್ಯಾಯ? ಮೊದಲು ಧೂಳು ಕಡಿಮೆ ಮಾಡಲಿ.

ವಿದ್ಯಾನಗರ ವೈದ್ಯ

ಮಾಸ್ತರರೇ, ನಿಮ್ಮ ಸಿಟ್ಟಿನಲ್ಲಿ ನನಗೂ ಪಾಲಿದೆ. ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆಂದು ಅಂದಾಜು. ಜಗತ್ತಿನ ಅಸ್ತಮಾ ಹೊರೆಯಲ್ಲಿ ನಮ್ಮ ಪಾಲು ನೂರಕ್ಕೆ 13ರಷ್ಟಾದರೆ, ಅಸ್ತಮಾದ ಸಾವುಗಳಲ್ಲಿ ನಮ್ಮ ಪಾಲು ನೂರಕ್ಕೆ 40ನ್ನು ಮೀರುತ್ತದೆ. ಈ ಅಂತರಕ್ಕೆ ಮುಖ್ಯ ಕಾರಣ ನಮ್ಮ ಜೀನು ಅಲ್ಲ. ದಿನವೂ ಎಳೆದುಕೊಳ್ಳಬೇಕಾದ ಸ್ಟಿರಾಯ್ಡ್ ಪಂಪು ರೋಗಿಯ ಕೈಗೆ ಸಿಗದಿರುವುದು, ಸಿಕ್ಕರೂ ನಡುವೆಯೇ ಬಿಡುವುದು. ಉಸಿರು ಕಟ್ಟಿದಾಗ ಮಾತ್ರ ಬಳಸುವ, ನಾಳವನ್ನು ಸಡಿಲಿಸುವ ಪಂಪೊಂದನ್ನೇ ನಂಬಿಕೊಂಡಿರಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲಿಯೇ ಸ್ಪಷ್ಟಪಡಿಸಿದೆ.

ಅಣುಗಳವರೆಗೆ ಹೋಗದೆ ಪರಿಹಾರವಾದ ಉದಾಹರಣೆಯೂ ಇದೆ. ಸ್ಪೇನಿನ ಬಾರ್ಸಿಲೋನಾದಲ್ಲಿ 1981ರಿಂದ 1987ರವರೆಗೆ ಕೆಲವು ದಿನಗಳಲ್ಲಿ ಇದ್ದಕ್ಕಿದ್ದಂತೆ ಹತ್ತಾರು ಜನ ಉಬ್ಬಸದಿಂದ ಆಸ್ಪತ್ರೆಗೆ ಬರುತ್ತಿದ್ದರು. ಬಂದರಿನಲ್ಲಿ ಹಡಗಿನಿಂದ ಸೋಯಾಬೀನ್ ಇಳಿಸುವ ದಿನಗಳಿಗೂ ಈ ದಿನಗಳಿಗೂ ತಾಳೆಯಾಯಿತು. ಕಣಜಕ್ಕೆ ಧೂಳು ಸೋಸುವ ಸಾಧನ ಹಾಕಿದ ಮೇಲೆ ಆ ಹಾವಳಿ ನಿಂತಿತು. ಧಾರವಾಡ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಸೋಯಾಬೀನ್ ಹೊಲಗಳಿರುವ ಈ ಕಾಲದಲ್ಲಿ, ರಾಶಿ ಯಂತ್ರದ ಬಳಿ ನಿಲ್ಲುವವರು ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಕಟ್ಟಿಕೊಳ್ಳಬೇಕೆಂದು ನಾನು ಹೇಳುವುದು ಇದನ್ನು ನೆನೆದೇ.

ಸಪ್ತಾಪುರ

ಮಾಸ್ತರ್, ಧೂಳು ಮತ್ತು ಜೀನು ಎಂದು ಎರಡು ಪಕ್ಷ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಯಾವ ಧೂಳು ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಜೀನುಗಳ ಅಳತೆಯೇ ನೆರವಾದ ಸಂದರ್ಭವೂ ಇದೆ. ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಸಮುದಾಯಗಳಿವೆ. ಮೂಲ ಯೂರೋಪು, ವಂಶದ ಹಿನ್ನೆಲೆ ಹತ್ತಿರದ್ದು, ಊಟ ಬದುಕು ಸಹ ಬಹುಮಟ್ಟಿಗೆ ಒಂದೇ ರೀತಿ. ಆದರೆ ಶಾಲಾ ಮಕ್ಕಳಲ್ಲಿ ಅಸ್ತಮಾ ಆಮಿಶರಲ್ಲಿ ನೂರಕ್ಕೆ 5.2, ಹಟರೈಟರಲ್ಲಿ 21.3. ಆಮಿಶರು ಮನೆಯ ಪಕ್ಕದಲ್ಲೇ ಕೊಟ್ಟಿಗೆ ಇಟ್ಟುಕೊಂಡು ಕುದುರೆಯಿಂದ ಉಳುತ್ತಾರೆ. ಹಟರೈಟರದು ದೊಡ್ಡ ಯಂತ್ರಗಳ ಬೇಸಾಯ, ಅವರ ಮಕ್ಕಳು ದನಗಳ ನಡುವೆ ಆಡಿ ಬೆಳೆಯುವುದಿಲ್ಲ. 2016ರಲ್ಲಿ ಎರಡೂ ಕಡೆಯ 30-30 ಮಕ್ಕಳ ರಕ್ತದ ಬಿಳಿ ಕಣಗಳಲ್ಲಿ ಜೀನುಗಳ ಚಟುವಟಿಕೆಯನ್ನು ಅಳೆದಾಗ, ಆಮಿಶ್ ಮಕ್ಕಳಲ್ಲಿ ಸೂಕ್ಷ್ಮಜೀವಿಗಳಿಗೆ ಮೊದಲು ಸ್ಪಂದಿಸುವ ಹುಟ್ಟು ರಕ್ಷಣೆಯ ಜೀನುಗಳು ಬೇರೆಯೇ ರೀತಿಯಲ್ಲಿ ಪಳಗಿದ್ದು ಕಂಡಿತು. ಆಮಿಶರ ಮನೆಯ ಧೂಳಿನಲ್ಲಿ ಬ್ಯಾಕ್ಟೀರಿಯಾದ ಕವಚದಿಂದ ಬರುವ ಎಂಡೋಟಾಕ್ಸಿನ್ 6.8 ಪಟ್ಟು ಹೆಚ್ಚಿತ್ತು. ಆ ಧೂಳಿನ ಸಾರವನ್ನು ಇಲಿಗಳ ಮೂಗಿಗೆ ಹಾಕಿದಾಗ ಅವುಗಳಿಗೆ ಅಲರ್ಜಿಯ ಉಬ್ಬಸ ತಗ್ಗಿತು. ಆ ಹುಟ್ಟು ರಕ್ಷಣೆಯ ಮುಖ್ಯ ಜೀನುಗಳನ್ನು ಕಳೆದ ಇಲಿಗಳಲ್ಲಿ ಅದೇ ಧೂಳು ಪ್ರಯೋಜನಕ್ಕೆ ಬರಲಿಲ್ಲ.

ಕೊಟ್ಟಿಗೆಯ ಧೂಳು ಒಳ್ಳೆಯದು ಎಂದು ಯಾರೂ ಈಗಾಗಲೇ ಉಬ್ಬಸವಿರುವ ಮಗುವನ್ನು ಅಲ್ಲಿ ನಿಲ್ಲಿಸಬೇಡಿ. ಅದು ಹುಟ್ಟಿದಾಗಿನಿಂದ ಪಳಗಿದ ದೇಹದ ಮಾತು.

ನನ್ನ ನಿಜವಾದ ಕೊರಗು ಬೇರೆ. ಇದುವರೆಗೆ ನಾನು ಹೇಳಿದ ದತ್ತಾಂಶದಲ್ಲಿ ಹೆಚ್ಚಿನ ಪಾಲು ಯೂರೋಪು ಮೂಲದ ಜನರದ್ದು. ಬೆಟಗೇರಿಯ ಹತ್ತಿಯ ಎಳೆ, ಬ್ಯಾಡಗಿಯ ಮೆಣಸಿನಕಾಯಿ, ಕಾಂಗ್ರೆಸ್ ಕಸದ ಪರಾಗ, ಹೊಟ್ಟೆಯ ಹುಳು, ಇವೆಲ್ಲ ಸೇರಿದ ಶ್ವಾಸನಾಳ ಆ ಕೋಷ್ಟಕಗಳಲ್ಲಿ ಇಲ್ಲ. 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆ ದೇಶದ ನಾನಾ ಸಮುದಾಯಗಳ ಸುಮಾರು 10 ಸಾವಿರ ಜನರ ಡಿಎನ್‌ಎ ಓದಿ, 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆದಿಟ್ಟಿತು. ಅದು ಒಳ್ಳೆಯ ಆರಂಭ. ಆದರೆ ಅದು ಸಾಮಾನ್ಯ ಜನರ ಡಿಎನ್‌ಎ, ಅಸ್ತಮಾ ರೋಗಿಯ ಶ್ವಾಸನಾಳದ ಆರ್‌ಎನ್‌ಎ ಅಲ್ಲ. ರೋಗಿಗಳ ಒಪ್ಪಿಗೆ ಪಡೆದು, ಅದರಿಂದ ಮನೆಯ ಇತರರ ಬಗ್ಗೆಯೂ ಏನೇನು ತಿಳಿಯುತ್ತದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿ, ಈ ಕೆಲಸವನ್ನು ನಮ್ಮ ಜಿಲ್ಲೆಗಳಲ್ಲಿಯೇ ಮಾಡಬೇಕು. ಮೂಗಿನ ಒಳಗೆ ಸಣ್ಣ ಬ್ರಷ್ ಆಡಿಸಿ ತೆಗೆದ ಜೀವಕೋಶಗಳಲ್ಲಿಯೂ ಶ್ವಾಸನಾಳದ ಕಥೆ ಬಹಳಷ್ಟು ಸಿಗುತ್ತದೆ, ಆದ್ದರಿಂದ ಮಕ್ಕಳಲ್ಲಿಯೂ ಇದು ಸಾಧ್ಯ.

ಬೆಟಗೇರಿ ಮಗ್ಗ

ಡಾಕ್ಟರ್ ಸಾಹೇಬರೇ, ಟ್ರಂಕಿನಲ್ಲಿದ್ದ ವರದಿಗಳನ್ನೆಲ್ಲ ತೆಗೆದು ತಾರೀಖಿನ ಪ್ರಕಾರ ಜೋಡಿಸಿದೆ. ಮಗಳದು 640 ಇದೆ. ಯಜಮಾನರದು ಹೋದ ತಿಂಗಳಿನ ವರದಿಯಲ್ಲಿ 60 ಮಾತ್ರ. ಹಾಗಾದರೆ ಅವರದು ಸಪ್ತಾಪುರದ ತಂಗಿ ಹೇಳಿದ ಆ ಇನ್ನೊಂದು ಗುಂಪು ಎಂದು ತಿಳಿಯಬೇಕೇ?

ವಿದ್ಯಾನಗರ ವೈದ್ಯ

ಅವಸರ ಬೇಡ. ಹೋದ ತಿಂಗಳು ರಕ್ತ ಕೊಟ್ಟಾಗ ಅವರು ಸ್ಟಿರಾಯ್ಡ್ ಗುಳಿಗೆಯಲ್ಲಿದ್ದರೇ? ಆ ಗುಳಿಗೆ ಕೆಲವೇ ಗಂಟೆಗಳಲ್ಲಿ ಇಯೊಸಿನೊಫಿಲ್ ಎಣಿಕೆಯನ್ನು ನೆಲಕ್ಕಿಳಿಸುತ್ತದೆ. ಗುಳಿಗೆ ಶುರು ಮಾಡುವ ಮುಂಚಿನ ವರದಿ ಇದ್ದರೆ ನೋಡಿ. ಇನ್ನೊಂದು ಮಾತು, ದೊಡ್ಡವರಾದ ಮೇಲೆ ಬಂದ ಉಬ್ಬಸ, ಮೂಗಿನಲ್ಲಿ ಮರಳಿ ಮರಳಿ ಬೆಳೆಯುವ ದುರ್ಮಾಂಸ, ಇವೆರಡೂ ಒಟ್ಟಿಗಿದ್ದಾಗ ನಾನು ತಪ್ಪದೆ ಕೇಳುವ ಪ್ರಶ್ನೆ ಇದು: ತಲೆನೋವು ಮೈಕೈನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇಂಥ ಗುಳಿಗೆ ತೆಗೆದುಕೊಂಡಾಗ ಉಬ್ಬಸ ಕೆರಳಿದ್ದುಂಟೇ? ಕೆಲವರಲ್ಲಿ ಈ ಗುಳಿಗೆಗಳು ಲ್ಯೂಕೋಟ್ರೈಯೀನ್ ಎಂಬ ವಸ್ತುವಿನ ಉತ್ಪತ್ತಿಯನ್ನು ಒಮ್ಮೆಲೇ ಏರಿಸಿ ನಾಳಗಳನ್ನು ಬಿಗಿಯುತ್ತವೆ. ಅದರ ಗುರುತು ಮೂತ್ರದಲ್ಲಿಯೂ ಸಿಗುತ್ತದೆ.

ಬೆಟಗೇರಿ ಮಗ್ಗ

ಹೌದು, ಗುಳಿಗೆಯ ನಾಲ್ಕನೆಯ ದಿನ ರಕ್ತ ಕೊಟ್ಟಿದ್ದರು. ಎರಡು ವರ್ಷದ ಹಿಂದೆ, ದುರ್ಮಾಂಸ ತೆಗೆಸುವ ಮೊದಲಿನ ವರದಿಯಲ್ಲಿ 1,120 ಎಂದಿದೆ.

ನೋವಿನ ಗುಳಿಗೆಯ ವಿಷಯ ಕೇಳಿದ ಮೇಲೆ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಹಲ್ಲು ಕೀಳಿಸಿಕೊಂಡು ಬಂದ ರಾತ್ರಿ ಉಸಿರು ನಿಂತೇ ಹೋಗುವ ಹಾಗಾಗಿ ಆಸ್ಪತ್ರೆಗೆ ಓಡಿದ್ದೆವು. ಹಲ್ಲಿನ ಸೋಂಕು ಎದೆಗಿಳಿಯಿತು ಎಂದು ನಾವು ಇಷ್ಟು ದಿನ ತಿಳಿದಿದ್ದೆವು. ಆ ಚೀಟಿಯೂ ಟ್ರಂಕಿನಲ್ಲಿಯೇ ಇತ್ತು. ಅದರಲ್ಲಿ ಡೈಕ್ಲೊಫೆನಾಕ್ ಎಂದು ಬರೆದಿದೆ.

ವಿದ್ಯಾನಗರ ವೈದ್ಯ

ಆ ಚೀಟಿಯನ್ನು, 1,120ರ ವರದಿಯನ್ನು, ಗುಳಿಗೆ ತೆಗೆದುಕೊಂಡ ತಾರೀಖುಗಳ ಪಟ್ಟಿಯನ್ನು ಒಟ್ಟಿಗೆ ಹಿಡಿದುಕೊಂಡು ಈ ವಾರವೇ ನಿಮ್ಮ ವೈದ್ಯರ ಬಳಿಗೆ ಹೋಗಿ. ಹುಳುವಿನ ಪರೀಕ್ಷೆಯನ್ನೂ ಮಾಡಿಸಲು ಕೇಳಿ. ಅಲ್ಲಿಯವರೆಗೆ ಆ ಜಾತಿಯ ನೋವಿನ ಗುಳಿಗೆ ಯಾವುದೂ ಬೇಡ, ಪಂಪು ಒಂದು ದಿನವೂ ತಪ್ಪುವುದು ಬೇಡ. ಗುಳಿಗೆಯ ಹೆಸರನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ದೊಡ್ಡದಾಗಿ ಬರೆದು ಯಜಮಾನರ ಅಂಗಿಯ ಕಿಸೆಯಲ್ಲಿಡಿ, ಔಷಧಿ ಅಂಗಡಿಯಲ್ಲಿ ಅದನ್ನು ತೋರಿಸಿಯೇ ಏನನ್ನಾದರೂ ಕೊಳ್ಳಲಿ.

ಬೆಟಗೇರಿ ಮಗ್ಗ

ಬರೆದಿಟ್ಟಿದ್ದೇನೆ. ಮಗಳೇ ಬರೆದಳು. ಗುರುವಾರ ಹೋಗುತ್ತಿದ್ದೇವೆ.